ಹೊಂಡದಲ್ಲಿ ನೆಟ್ಟ ಮಾವಿನ ಟೊಂಗೆ

ನಾನು ಬಹಳ ಜೋಪಾನದ ಮನುಷ್ಯ. ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಆದ್ದರಿಂದ ಖಾನಾಪುರದ ಕೋರ್ಟಿನಲ್ಲಿ ಹೆಂಡತಿಯ ತಮ್ಮ ಈರಣ್ಣನ ಪರ ಸಾಕ್ಷಿ ಹೇಳಲು ನನಗಿಂತ ಯೋಗ್ಯರಿಲ್ಲವೆಂದು ನಾನೇ ತೀರ್ಮಾನಿಸಿದ್ದೆ.

ನಾನು ಅವನ ಊರಿಗೆ ಹೋಗಿದ್ದ ದಿನವೇ ಈರಣ್ಣ ತನ್ನ ಅಂಗಡಿಯ ಮುಂದೆ ನಳದ ಪೈಪಿಗಾಗಿ ಹೊಂಡ ತೋಡಿಸಿದ್ದ. ಊರಿನ ಪದ್ಧತಿಯಂತೆ ಅದರಲ್ಲೊಂದು ಮಾವಿನ ಟೊಂಗೆ ನೆಟ್ಟಿದ್ದ. ಅಂದರೆ, ಹುಷಾರ್! ಆದರೂ ಅದೇ ಸಂಜೆ ಮಾಸ್ತರರೊಬ್ಬರು ಅದರಲ್ಲಿ ಬಿದ್ದು ಕಾಲು ಮುರಿದುಕೊಂಡರು; ಪರಿಹಾರಕ್ಕೆ ದಾವೆ ಹೂಡಿದರು. ಈರಣ್ಣ ವಹಿಸಬೇಕಾದ ಎಚ್ಚರ ವಹಿಸಿದ್ದನೇ ಇಲ್ಲವೇ ಎಂಬುದೇ ಪ್ರಶ್ನೆ.

ಬೆಳಗಾವಿಯಲ್ಲಿ ಬಸ್ ಹತ್ತಿದಾಗಿನಿಂದ ಹೆಂಡತಿ ಮಹಾದೇವಿಗೆ ಚಡಪಡಿಕೆ.

"ಟೊಂಗಿ ಇತ್ತು ಅಂತ ಹೇಳ್ರಿ, ಕಟಕಟಿ ಇಳೀರಿ. ಪುರಾಣ ಬ್ಯಾಡ."

"ಖರೇ ಪೂರಾ ಹೇಳಬೇಕಲ್ಲ?"

"ಕೇಳಿದಷ್ಟ ಹೇಳ್ರಿ ನನ್ನಪ್ಪಾ!"

ಕಟಕಟೆ ಹತ್ತಿದೆ. ಟೊಂಗೆ ಇತ್ತು ಎಂದೆ. ಮಾಸ್ತರರ ವಕೀಲರು ಎದ್ದು ನಿಂತರು.

"ಅದಕ್ಕ ಎಲಿ ಇದ್ದವೇನ್ರಿ?"

"ಮುಂಜಾನೆ ಇದ್ದವು ರೀ. ಮಧ್ಯಾಹ್ನ ಆಡು ತಿಂತು. ಬರೇ ಕಡ್ಡಿ ಉಳೀತು."

"ನೀವು ಹ್ಯಾಂಗ ಬೀಳಲಿಲ್ಲ?"

ನನ್ನ ಜೋಪಾನ ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ! "ಬಿದ್ದರ ಕಾಲು ಮುರೀತದ ಅಂತ ನೋಡಿದ ಕೂಡಲೇ ಗೊತ್ತಾತು ರೀ. ಹಿಂದಿನ ಬಾಗಿಲಿಂದ ಒಳಗ ಹೋದೆ."

"ಈರಣ್ಣಗ ಹೇಳಿದ್ರೇನು?"

"ಹೇಳಿದೆ ರೀ. 'ಊರಾಗ ಎಲ್ಲಾರೂ ಹಿಂಗ ಮಾಡ್ತಾರ, ಚಾ ಕುಡೀರಿ ಭಾವಾರ' ಅಂದ."

ಹಿಂದಿನಿಂದ ಮಹಾದೇವಿ ಕೆಮ್ಮಿದಳು. ಧೂಳಿರಬೇಕು ಎಂದುಕೊಂಡೆ.

ನ್ಯಾಯಾಧೀಶರೇ ಕೇಳಿದರು: "ಹೊಂಡ ಮುಚ್ಚಲು ಏನೂ ಇರಲಿಲ್ಲವೇ?"

"ಅವಂದು ಹಲಗಿ ಅಂಗಡಿನ ಐತ್ರಿ ಸಾಹೇಬರ! ನಾ ಕುಂತು ಚಾ ಕುಡದದ್ದೂ ಹಲಗಿ ಮ್ಯಾಲೇ!"

ಇಡೀ ಕೋರ್ಟು ನಕ್ಕಿತು. ಈರಣ್ಣನ ವಕೀಲರು ಮಾತ್ರ ಕಣ್ಣು ಮುಚ್ಚಿಕೊಂಡರು.

ಕೊನೆಗೆ ತೀರ್ಪು ಬಂತು. ಊರವರೆಲ್ಲ ಹಾಗೇ ಮಾಡುತ್ತಾರೆ ಎಂದರೆ ಸಾಲದು. ಸಾಮಾನ್ಯ ವಿವೇಕದ ಮನುಷ್ಯನಿಗೆ ಅಪಾಯ ಕಾಣುತ್ತಿತ್ತೇ, ಅದನ್ನು ತಪ್ಪಿಸುವುದು ಸುಲಭವಿತ್ತೇ ಎಂದು ನೋಡಬೇಕು. ಸಾಮಾನ್ಯ ವಿವೇಕದ ಈ ಸಾಕ್ಷಿಗೆ ಕಂಡದ್ದು ಅಂಗಡಿಯವನಿಗೂ ಕಾಣಬೇಕಿತ್ತು; ಹಲಗೆಯೂ ಕೈಯಳತೆಯಲ್ಲೇ ಇತ್ತು. ಈರಣ್ಣ ಸೋತ.

ಮಹಾದೇವಿ ತೀರ್ಪನ್ನು ನನ್ನಿಂದಲೇ ಓದಿಸಿದಳು.

"ನಿಮಗ ಸಾಮಾನ್ಯ ವಿವೇಕ ಐತಿ ಅಂತ ಖರೇನ ಬರದಾರೇನ್ರಿ?"

"ಬರದಾರಲ್ಲ!" ಎಂದೆ, ತುಸು ಹೆಮ್ಮೆಯಿಂದಲೇ.

"ಹಂಗಾರ ಅಪೀಲಿಗೆ ಹೋಗೂಣು. ಅದೊಂದ ತಪ್ಪಿನ ಮ್ಯಾಲೇ ಕೇಸು ಗೆಲ್ತೇವಿ!"

ನನಗೆ ವಿವೇಕವಿಲ್ಲ ಎಂಬುದಕ್ಕೆ ಬೇಕಾದ ಸಾಕ್ಷ್ಯವನ್ನೆಲ್ಲ ಕಟಕಟೆಯಲ್ಲಿ ನಾನೇ ಕೊಟ್ಟು ಬಂದಿದ್ದೆ!