ಸಗರದ ಅಜ್ಜಿಯ ಬರ್ಗರ್

ನಿಮ್ಮ ಸಗರದ ಅಜ್ಜಿಗೆ ಈ ಜಗತ್ತಿನಲ್ಲಿ ಬಾರದ ಕೆಲಸವೇ ಇಲ್ಲ. ಇದು ನನ್ನ ಮಾತಲ್ಲ, ಆಕೆಯದೇ ಮಾತು! ನಿಮ್ಮ ಅಜ್ಜನ ಅಕ್ಕ ಆಕೆ. ಎದುರಾಡಲು ನನಗೆಲ್ಲಿಯ ಧೈರ್ಯ? ನಾಲ್ಕು ಜನರ ಮುಂದೆ ನೀರು ಕೇಳಲೂ ನಾಚುವವಳು ನಾನು. ಅದಕ್ಕೇ ಮಕ್ಕಳೇ, ಬಾಯಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ಅಜ್ಜ ಹೋದ ಮೇಲೆ ನನ್ನ ನಾಲಿಗೆ ಸತ್ತುಹೋಗಿತ್ತು. ಏನಿಟ್ಟರೂ ನುಂಗುತ್ತಿದ್ದೆ, ‘ಚಲೋ ಆಗ್ಯಾದ್ರಿ’ ಎನ್ನುತ್ತಿದ್ದೆ. ಅಜ್ಜ ಹಾಗಲ್ಲ. ಅಮೃತ ಬಡಿಸಿದರೂ ಮೊದಲ ತುತ್ತಿಗೇ ‘ಉಪ್ಪು ಕಮ್ಮಿ ಆಗ್ಯಾದ’ ಅನ್ನುವ ಮನುಷ್ಯ! ಸಗರದಿಂದ ಶಹಾಪುರದ ನಮ್ಮ ಮನೆಗೆ ಬುತ್ತಿ ಹೊತ್ತು ಬರುತ್ತಿದ್ದ ಈ ನಾದಿನಿಗೆ ನನ್ನ ಮೇಲೆ ಅನುಮಾನ ಬಂತು. ಒಂದು ದಿನ ಬೇಕಂತಲೇ ಸಾರಿಗೆ ಸಕ್ಕರೆ ಸುರಿದು ತಂದರು. ನಾನು ಉಂಡೆ. ‘ಚಲೋ ಆಗ್ಯಾದ್ರಿ’ ಎಂದೆ.

ಆಕೆ ಸೊಂಟದ ಮೇಲೆ ಕೈಯಿಟ್ಟರು. ‘ಸಕ್ಕರಿ ಸಾರು ಚಲೋ ಆಗ್ಯಾದ? ನಿನ್ನ ನಾಲಿಗಿ ಎಲ್ಲಿ ಒಗೆದು ಬಂದಿ? ಅದನ್ನ ವಾಪಸ್ ತರಲಿಲ್ಲಾಂದ್ರ ನಾ ನಿನ್ನ ಗಂಡನ ಅಕ್ಕನೇ ಅಲ್ಲ!’

ಅದೇ ವಾರ ನೀವು ಬರ್ಗರ್ ತಿನ್ನುವುದನ್ನು ಫೋನಿನಲ್ಲಿ ತೋರಿಸಿದಿರಿ. ‘ಹ್ಯಾಂಗಿರ್ತದೋ ಏನೋ’ ಎಂದು ಆಕೆ ಪಕ್ಕದಲ್ಲಿರುವಾಗಲೇ ನನ್ನ ಬಾಯಿಂದ ಜಾರಿತು. ಅಷ್ಟೇ ಸಾಕಾಯಿತು! ಎಷ್ಟೋ ತಿಂಗಳ ಮೇಲೆ ನಾನೊಂದು ತಿನಿಸಿನ ಬಗ್ಗೆ ಕೇಳಿದ್ದೆ. ಆಕೆ ಬಿಟ್ಟಾರೆಯೇ?

ಮರುದಿನ ನನ್ನನ್ನು ಎಳೆದುಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ಬೇಕರಿಗೆ ನಡೆದರು. ಒಂದು ಬರ್ಗರ್ ಕೊಂಡು, ತಿನ್ನಲಿಲ್ಲ, ಬಿಚ್ಚಿದರು! ಮದುವೆ ಸೀರೆಯ ಸೆರಗು ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು.

‘ಏನಪಾ, ಇದರಾಗ ಜೋಳ ಇಲ್ಲ, ಕಾಳಿಲ್ಲ, ಬರೇ ಆಲೂಗಡ್ಡಿ. ಇದನ್ನ ತಿಂದು ಮಂದಿ ಹೊಲಕ್ಕ ಹ್ಯಾಂಗ ಹೋಗ್ತಾರ?’

‘ಹೊಲಕ್ಕ ಹೋಗೋರು ಇದನ್ನ ಕೇಳಂಗಿಲ್ರಿ ಅಮ್ಮಾ!’ ಎಂದ ಬೇಕರಿಯವನು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ನಮ್ಮ ಅಡುಗೆಮನೆಯಲ್ಲಿ ಯುದ್ಧ ಶುರುವಾಯಿತು. ಹೆಸರು, ಮಡಕಿ, ಅಲಸಂದಿ ಕಾಳು ನೆನೆಸಿ, ಬೇಯಿಸಿ, ಮಸೆದು, ಬೆಂದ ಜೋಳದ ನುಚ್ಚು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಸೇರಿಸಿ ಹಂಚಿಗೆ ಹಾಕಿದರು. ಎಣ್ಣೆ ತಾಗಿದ್ದೇ ತಡ, ಆಸ್ತಿ ಪಾಲಿಗೆ ಕೂತ ಅಣ್ಣತಮ್ಮಂದಿರ ಹಾಗೆ ಕಾಳೆಲ್ಲ ದಿಕ್ಕಿಗೊಂದಾದವು!

‘ಅಕ್ಕಾರ, ಇದು ಬರ್ಗರ್ ಏನ್ರಿ?’

‘ಯಾರಂದ್ರು? ನಾ ಉಸುಳಿ ಮಾಡಾಕತ್ತೇನಿ!’

ಉಸುಳಿ ಉಂಡೆವು. ಆದರೆ ಆಕೆ ಸೋಲುವವರಲ್ಲ. ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿದರೆ ಜಿಗಿ ಬರುತ್ತದೆ ಎಂಬುದನ್ನು ರೊಟ್ಟಿ ಬಡಿಯುವವರಿಗೆ ಯಾರೂ ಕಲಿಸಬೇಕಿಲ್ಲ. ಎರಡನೆಯ ಸಲ ಕಾಳಿಗೆ ಆ ಹಿಟ್ಟು ಕಲಸಿದರು. ಮುದ್ದೆ ಹಿಡಿಯಿತು. ಆಮೇಲೆ ಏನಾಯಿತು ಗೊತ್ತೇ? ಜೋಳದ ಹಿಟ್ಟು ಅಂಗೈಗೆ ಬಂದದ್ದೇ ತಡ ಕೈ ತನ್ನಷ್ಟಕ್ಕೆ ಬಡಿಯತೊಡಗಿತು. ಪಟಪಟ ಪಟಪಟ! ನೋಡುತ್ತ ನೋಡುತ್ತ ಬರ್ಗರಿನ ಬಿಲ್ಲೆ ತಾಟಿನಷ್ಟಗಲ ಆಯಿತು. ಅದರ ಮೇಲೆ ಬನ್ನು ಇಟ್ಟರೆ ಎತ್ತಿನ ತಲೆಗೆ ಕೂಸಿನ ಕುಲಾವಿ ಹಾಕಿದಂತೆ ಕಾಣುತ್ತಿತ್ತು.

‘ಸಣ್ಣದು ಮಾಡ್ರಿ ಅಕ್ಕಾರ.’

‘ಹಿಟ್ಟು ಮುಟ್ಟಿದ್ರ ಕೈ ನಿಲ್ಲಂಗಿಲ್ಲ ತಂಗಿ. ತಪ್ಪು ನಂದಲ್ಲ, ಬನ್ನಿಂದು!’

ಬನ್ನು ಪಕ್ಕಕ್ಕೆ ಸರಿಯಿತು. ಮೇಲೊಂದು, ಕೆಳಗೊಂದು ಖಡಕ್ ಜೋಳದ ರೊಟ್ಟಿ ಬಂತು. ಆಕೆ ಎರಡೂ ಕೈಯಲ್ಲಿ ಹಿಡಿದು ಕಚ್ಚಿದರು. ಪಕ್ಕದ ಮನೆಯಾಕೆ ಓಡಿ ಬಂದಳು.

‘ಏನ್ ಒಡೀತ್ರಿ?’

‘ಬರ್ಗರ್!’

ನಾನು ಮಾತ್ರ ನನ್ನ ಪಾಲು ಕೈಗೆತ್ತಿಕೊಂಡು, ‘ಚಲೋ ಆಗ್ಯಾದ್ರಿ’ ಎಂದೆ.

ಆಕೆಯ ಮುಖ ಸಣ್ಣಗಾಯಿತು. ‘ಇನ್ನಾ ಬಾಯಿಗೇ ಇಟ್ಟಿಲ್ಲ, ಆಗ್ಲೇ ಚಲೋ ಆತಾ?’

ಆಮೇಲೆ ಉಳಿದ ಹಿಟ್ಟಿನ ಪರಾತವನ್ನು ನನ್ನತ್ತ ತಳ್ಳಿದರು. ‘ನಂದು ಜಬರ್ದಸ್ತ್ ಕೈ. ನಿಂದು ಅಂಜುಬುರುಕ ಕೈ. ನೀನೇ ತಟ್ಟು.’

ಅಜ್ಜ ಹೋದಾಗಿನಿಂದ ನಾನು ಹಿಟ್ಟು ಮುಟ್ಟಿರಲಿಲ್ಲ. ಅಂಜುತ್ತಲೇ ತಟ್ಟಿದೆ. ನನ್ನ ಕೈ ಎಲ್ಲ ಕಡೆ ಹೆದರುವ ಹಾಗೆ ಇಲ್ಲಿಯೂ ಹೆದರಿ, ಬನ್ನಿನ ಅಗಲಕ್ಕೇ ನಿಂತುಬಿಟ್ಟಿತು! ಆಕೆ ಅದನ್ನು ಕೆಂಪಗೆ ಬೇಯಿಸಿ, ಮೊಸರಿನಲ್ಲಿ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಕಲಸಿ ಸವರಿ, ಬನ್ನಿನಲ್ಲಿಟ್ಟು ಕೊಟ್ಟರು. ಕೊಟ್ಟು ನನ್ನ ಬಾಯನ್ನೇ ನೋಡುತ್ತ ಕೂತರು.

ಕಚ್ಚಿದೆ. ಮಡಕಿ ಕಾಳಿನ ಘಮ, ಮೆಣಸಿನಕಾಯಿಯ ಚುರುಕು, ಶೇಂಗಾ... ಅಗಿದೆ, ಇನ್ನೊಮ್ಮೆ ಅಗಿದೆ. ನನಗೇ ತಿಳಿಯದೆ ಮಾತು ಹೊರಬಿತ್ತು.

‘ಅಕ್ಕಾರ, ಉಪ್ಪು ಕಮ್ಮಿ ಆಗ್ಯಾದ್ರಿ.’

ಜನ್ಮದಲ್ಲಿ ತನ್ನ ಅಡುಗೆಯ ತಪ್ಪು ಒಪ್ಪದವರು! ಈಗ ಬೈಗುಳ ಬಿತ್ತೆಂದು ತಲೆ ತಗ್ಗಿಸಿದೆ. ಬೈಗುಳ ಬರಲಿಲ್ಲ. ತಲೆ ಎತ್ತಿದರೆ ಆಕೆ ನನ್ನನ್ನೇ ನೋಡುತ್ತ ಸೆರಗಿನ ತುದಿ ಹುಡುಕುತ್ತಿದ್ದರು.

‘ತಡಿ, ಉಪ್ಪು ತರ್ತೀನಿ’ ಎಂದು ಎದ್ದು ಹಿತ್ತಲಿಗೆ ಹೋದರು. ಬಹಳ ಹೊತ್ತು ಬರಲೇ ಇಲ್ಲ.

ಉಪ್ಪಿನ ಡಬ್ಬಿ ನಮ್ಮಿಬ್ಬರ ನಡುವೆಯೇ ಇತ್ತು, ಮಕ್ಕಳೇ.