ಬಸುರಿಯ ಸೂಜಿ, ಸರ್ಕಾರದ ಕಾಗದ

೧೯೫೦ರ ಜೂನ್ ೧೨, ಸೋಮವಾರ. ಭಾಲ್ಕಿಯಲ್ಲಿ ಬೆಳಿಗ್ಗೆಯಿಂದ ಮೋಡ ಕವಿದಿತ್ತು. ಗಾಳಿ ಇರಲಿಲ್ಲ, ಮಳೆಯೂ ಬರಲಿಲ್ಲ.

ಸರ್ಕಾರಿ ದವಾಖಾನೆಯಲ್ಲಿ ಗುಮಾಸ್ತನಾಗಿ ಕೂತವನ ಕಣ್ಣೆದುರು ನಗುವಂಥ ಸಂಗತಿಗಳು ದಿನವೂ ನಡೆಯುತ್ತಿರುತ್ತವೆ. ಆದರೆ ನಗು ಬರುವುದು ಬಹಳ ವರ್ಷಗಳ ಮೇಲೆ. ನಾನಿದ್ದ ಆ ಸಣ್ಣ ದವಾಖಾನೆ ಈಗ ಇಲ್ಲ. ಆಗ ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮರ ಆಳ್ವಿಕೆ ಮುಗಿದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ರಾಜ್ಯ ಬದಲಾಗಿತ್ತು, ರಿಜಿಸ್ಟರು, ಕುರ್ಚಿ, ಕುರ್ಚಿಯ ಮೇಲೆ ಕೂತವರು ಹಾಗೆಯೇ ಇದ್ದರು.

ಆ ಸಂಜೆ ಮನೆಗೆ ಬಂದಾಗ ಹೆಂಡತಿ ಹೇಳಿದಳು, "ಕೆಳಗಿನ ಓಣ್ಯಾಗ ಇಬ್ಬರಿಗಿ ವಾಂತಿ-ಭೇದಿ ಆಗ್ಯಾದಂತ. ನಾ ಕಾಲರಾ ಸೂಜಿ ಹಾಕಿಸ್ಕೋಬೇಕೋ ಬ್ಯಾಡೋ?"

ಅವಳು ಬಸುರಿ. ಹಿಂದಿನ ಸಲ ಏಳನೇ ತಿಂಗಳಲ್ಲಿ ಕೂಸು ಹೋಗಿತ್ತು. ಸೂಜಿ ಹಾಕಿಸಿದರೆ ಜ್ವರ ಬರುವುದು ಎಲ್ಲರಿಗೂ ಗೊತ್ತಿತ್ತು. ಹೊಟ್ಟೆಯಲ್ಲಿರುವುದು ಆ ಜ್ವರವನ್ನು ತಡೆದೀತೇ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಹಾಕಿಸದಿದ್ದರೆ ಕಾಲರಾ ಏನು ಮಾಡುತ್ತದೆ ಎಂಬುದಂತೂ ಕೆಳಗಿನ ಓಣಿಯಲ್ಲೇ ಕಾಣುತ್ತಿತ್ತು.

"ಕೇಳಿ ಹೇಳ್ತೇನಿ," ಎಂದೆ. ನಾನು ಹೆಚ್ಚು ಮಾತಾಡುವವನಲ್ಲ. ಆಡಿದ ಆ ಎರಡು ಮಾತಿಗೆ ಮುಂದೆ ಒಂದು ತಿಂಗಳು ದಂಡ ತೆತ್ತೆ.

೧. ಒಬ್ಬರಲ್ಲಿ ಮೂವರು

ದವಾಖಾನೆಗೆ ಇದ್ದವರು ಒಬ್ಬರೇ ಡಾಕ್ಟರು. ಒಳ್ಳೆಯವರು, ಕೈಗುಣ ಇದ್ದವರು. ಆದರೆ ಪೊಲೀಸ್ ಆ್ಯಕ್ಷನ್‌ಗೆ ಮುಂಚಿನ ಗದ್ದಲದ ದಿನಗಳಲ್ಲಿ ಯಾವುದೋ ಕಾಗದಕ್ಕೆ ಸಹಿ ಮಾಡಿ, ಹೊಸ ಸರ್ಕಾರ ಬಂದ ಮೇಲೆ ಅದಕ್ಕೆ ಜವಾಬು ಕೊಟ್ಟು ಕೊಟ್ಟು ಸುಸ್ತಾಗಿದ್ದರು. ಅಂದಿನಿಂದ ಸಹಿ ಎಂದರೆ ಬೆವರುತ್ತಿದ್ದರು. ತಮ್ಮ ಸಂಬಳದ ಕಾಗದವನ್ನೂ ತಾವು ಎರಡು ಸಲ ಓದಿ, ನನ್ನಿಂದ ಒಂದು ಸಲ ಓದಿಸಿ, ಆಮೇಲೆ ನಾಳೆ ನೋಡೋಣ ಎನ್ನುತ್ತಿದ್ದರು.

ನಾನು ವಿಷಯ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿ ಬಂದು ಕೂತರು.

"ನೋಡ್ರಿ ಮುನಶೀಜಿ, ಡಾಕ್ಟರ್ ಅಂತ ಕೇಳಿದ್ರ, ಹಾಕಿಸ್ರಿ ಅಂತೇನಿ. ಸರ್ಕಾರಿ ನೌಕರ ಅಂತ ಕೇಳಿದ್ರ, ಹುಕುಂ ಇಲ್ಲದ ಏನೂ ಅನ್ನಂಗಿಲ್ಲ. ನಿಮ್ಮ ದೋಸ್ತ ಅಂತ ಕೇಳೂದಿದ್ರ, ಕೇಳಲೇ ಬ್ಯಾಡ್ರಿ."

"ಮನ್ಯಾಗ ಇವರೊಳಗ ಯಾರ ಮಾತು ಹೇಳ್ಲಿ, ಸಾಹೇಬ್ರ?"

"ಯಾರದಾರ ಹೇಳ್ರಿ. ನನ್ನ ಹೆಸರೊಂದು ತೆಗೀಬ್ಯಾಡ್ರಿ." ಆಮೇಲೆ ಅವರೇ ದಾರಿ ತೋರಿಸಿದರು. "ಬೀದರಿಗಿ ಒಂದು ಅರ್ಜಿ ಬರೀರಿ. ಎಲ್ಲಾ ಅರ್ಜಿ ನನ್ನ ಕೈಲಿಂದೇ ಹೋಗಬೇಕಂತ ಕಾಯ್ದೆ ಅದ, ಖರೆ. ಇದೊಂದು ಮಾತ್ರ ನಾ ಊರಾಗ ಇಲ್ಲದ ದಿನ ಕಳಸ್ರಿ."

"ನೀವು ಊರಾಗ ಇಲ್ಲದ ದಿನ ಯಾವುದ್ರಿ?"

"ಇವತ್ತೇ," ಎಂದು ಟೊಪ್ಪಿಗೆ ಹಾಕಿಕೊಂಡು ಹಿಂಬಾಗಿಲಿನಿಂದ ಹೋದರು.

೨. ವಿಶೇಷ ಆಸಕ್ತಿ

ಅರ್ಜಿ ಹಿಡಿದು ನಾನೇ ರೈಲಿನಲ್ಲಿ ಬೀದರಿಗೆ ಹೋದೆ. ಅಲ್ಲಿಯ ಜಿಲ್ಲಾ ಆರೋಗ್ಯ ಕಚೇರಿಗೆ ಮದ್ರಾಸ್ ಕಡೆಯಿಂದ ಹೊಸ ಅಧಿಕಾರಿ ಬಂದಿದ್ದರು. ಅವರಿಗೆ ಉರ್ದು ಬಾರದು. ಕಚೇರಿಗೆ ಉರ್ದು ಬಿಟ್ಟು ಬೇರೆ ಬಾರದು. ಇವೆರಡರ ನಡುವೆ ಮೈಲೂರಿನ ಕಡೆ ಮನೆಯಿದ್ದ ಒಬ್ಬ ಮುದಿ ಹೆಡ್ ಗುಮಾಸ್ತರು ಸೇತುವೆಯಾಗಿದ್ದರು. ನನ್ನ ನಾಲ್ಕು ಸಾಲಿನ ಉರ್ದು ಅರ್ಜಿ ಅವರ ಕೈಯಲ್ಲಿ ಎರಡು ಪುಟದ ಇಂಗ್ಲಿಷಾಯಿತು. ಅದರಲ್ಲಿ ಏನಿತ್ತೋ ನನಗೆ ಇಂದಿಗೂ ತಿಳಿಯದು.

ಅಧಿಕಾರಿ ಪೂರ್ತಿ ಓದಿ ಕೇಳಿದ್ದನ್ನು ಹೆಡ್ ಗುಮಾಸ್ತರು ನನಗೆ ತಿಳಿಸಿದರು. "ಬಸುರಿ ಯಾರಂತ ಕೇಳ್ತಾರ."

"ನನ್ನ ಹೆಂಡತಿ."

"ಸರ್ಕಾರಿ ನೌಕರಿ ಯಾರದಂತ."

"ನಂದು."

ಅಧಿಕಾರಿ ತಲೆಯಾಡಿಸಿದರು. ನೌಕರ ಬಸುರಿಯಲ್ಲ, ಬಸುರಿ ನೌಕರಳಲ್ಲ. ಈ ಕಾಗದವನ್ನು ಯಾವ ಫೈಲಿಗೆ ಸೇರಿಸುವುದು ಎಂಬುದು ಅವರ ತೊಂದರೆ. ಕಡೆಗೆ ಏನೋ ಬರೆದು ಬದಿಗಿಟ್ಟರು. ಹೊರಗೆ ಬಂದ ಮೇಲೆ ಹೆಡ್ ಗುಮಾಸ್ತರು ನನ್ನ ಬೆನ್ನು ತಟ್ಟಿ, "ಎಂಟು ದಿನದಾಗ ಜವಾಬು ಬರ್ತದ. ಆರಾಮ ಹೋಗ್ರಿ," ಎಂದರು.

ಜವಾಬು ಆರನೇ ದಿನವೇ ಬಂತು. ಸೂಜಿಯ ವಿಷಯದಲ್ಲಿ ಈ ಗುಮಾಸ್ತರು ತೋರಿಸಿದ ವಿಶೇಷ ಆಸಕ್ತಿಯನ್ನು ಮೆಚ್ಚಿ, ಜನರಿಗೆ ತಿಳಿಹೇಳುವ ಕೆಲಸಕ್ಕೆ ಅವರನ್ನು ಎರಡು ವಾರ ಔರಾದಕ್ಕೆ ಕಳಿಸಲಾಗಿದೆ ಎಂದಿತ್ತು.

ಬಸುರಿಯ ಮಾತು ಆ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಹೆಂಡತಿ ನನ್ನ ಬಟ್ಟೆ ಕಟ್ಟಿಕೊಡುತ್ತ, "ನಾ ಇನ್ನೊಂದು ಏನಾರ ಕೇಳೂದಿತ್ತು. ಬ್ಯಾಡ ಬಿಡ್ರಿ, ದೂರ ಕಳಸ್ತಾರ," ಎಂದಳು.

೩. ಔರಾದಿನಲ್ಲಿ ಉತ್ಸಾಹ

ಔರಾದಕ್ಕೆ ರೈಲಿಲ್ಲ. ಬಸ್ಸು ನಡುದಾರಿಯಲ್ಲಿ ಎರಡು ಸಲ ನಿಂತಿತು, ಒಮ್ಮೆ ನೀರಿಗೆ, ಒಮ್ಮೆ ಡ್ರೈವರನ ಚಹಾಕ್ಕೆ. ಸೂಜಿಯ ಪೆಟ್ಟಿಗೆ ಹಿಡಿದು ನಮ್ಮ ದವಾಖಾನೆಯ ಕಂಪೌಂಡರ ನನ್ನ ಜೊತೆ ಬಂದಿದ್ದ. ಅವನು ಚುಚ್ಚುವವ, ನಾನು ಮಾತಾಡುವವ. ಇಬ್ಬರಲ್ಲಿ ಯಾರು ಯಾವ ಕೆಲಸಕ್ಕೆ ತಕ್ಕವರು ಎಂಬುದನ್ನು ಬೀದರಿನಲ್ಲಿ ಯಾರೂ ವಿಚಾರಿಸಿರಲಿಲ್ಲ.

ಚಾವಡಿಯ ಮುಂದೆ ಜನ ಸೇರಿದರು. ಕಾಲರಾ ಹೇಗೆ ನೀರಿನಿಂದ ಬರುತ್ತದೆ, ಸೂಜಿ ಹೇಗೆ ಜೀವ ಕಾಯುತ್ತದೆ ಎಂದು ನನಗೆ ಬಂದಷ್ಟು ಹೇಳಿದೆ. ಮುಂದೆ ಕೂತಿದ್ದ ಒಬ್ಬ ಒಕ್ಕಲಿಗರ ಮುದುಕಿ ಎಲ್ಲ ಕೇಳಿಸಿಕೊಂಡು, "ಭಾಳ ಚಲೋ ಹೇಳಿದ್ರಿ. ನಿಮ್ಮ ಮನ್ಯಾಗ ಹಾಕಿಸೀರೇನ್ರಿ?" ಎಂದಳು.

ಸುಳ್ಳು ನನಗೆ ಸಮಯಕ್ಕೆ ಹೊಳೆಯುವುದಿಲ್ಲ. "ಇನ್ನಾ ಇಲ್ಲ. ಬಸುರಿ ಇದ್ದಾಳ. ವಿಚಾರ ನಡದದ."

"ಹಂಗಾರ ನಿಮ್ಮ ವಿಚಾರ ಮುಗೀಲಿ. ಆಮ್ಯಾಲ ನಮ್ಮದು ಸುರು ಮಾಡ್ತೀವಿ," ಎಂದು ಅವಳು ಎದ್ದಳು. ಅವಳ ಹಿಂದೆ ಚಾವಡಿಯೂ ಎದ್ದಿತು.

ಮರುದಿನ ಕಂಪೌಂಡರ ನನಗೆ ಬಾಯಿ ಬಿಡಬಾರದೆಂದು ತಾಕೀತು ಮಾಡಿದ. ಬೇರೆ ಓಣಿಯಲ್ಲಿ ಕೂತೆವು. ಅಲ್ಲಿಯೂ ಅದೇ ಪ್ರಶ್ನೆ ಬಂತು. ಕಂಪೌಂಡರ ತಡಮಾಡಲಿಲ್ಲ. "ಇವರದಿನ್ನಾ ಲಗ್ನೇ ಆಗಿಲ್ಲರಿ!"

ಈ ಸಲ ಯಾರೂ ಏಳಲಿಲ್ಲ. ಬದಲು ಹತ್ತಿರ ಬಂದರು. ಯಾವ ಊರು, ಪಗಾರ ಎಷ್ಟು, ಅಣ್ಣತಮ್ಮಂದಿರು ಎಷ್ಟು ಮಂದಿ, ಹೊಲ ಪಾಲಾಗಿದೆಯೋ ಇಲ್ಲವೋ ಎಂದು ಕೇಳಿದರು. ನಾನು ಬಾಯಿ ಬಿಡುವಂತಿರಲಿಲ್ಲ. ಅದೇ ನನಗೆ ಮುಳುವಾಯಿತು. ಒಬ್ಬ ಕಾಳಿನ ವ್ಯಾಪಾರಿ, "ಸರ್ಕಾರಿ ನೌಕರಿ, ಮಾತು ಕಡಿಮಿ. ಇಂಥಾ ಹುಡುಗ ಎಲ್ಲಿ ಸಿಗ್ತಾನ್ರಿ!" ಎಂದು ತನ್ನ ಮನೆಯ ಹನ್ನೊಂದು ಮಂದಿಯನ್ನೂ ಕರೆದುಕೊಂಡು ಬಂದು ಸಾಲಾಗಿ ತೋಳು ಚಾಚಿಸಿದ. ಹನ್ನೊಂದನೆಯವಳು ಕನ್ಯೆ. ಸೂಜಿ ಕಂಪೌಂಡರ ಚುಚ್ಚಿದರೂ ಅರಿವೆ ಒತ್ತಿ ಹಿಡಿಯುವ ಕೆಲಸ ನನಗೆ ಬಂತು. ಮನೆಯವರೆಲ್ಲ ಸುತ್ತ ನಿಂತು ನೋಡಿದರು.

ರಾತ್ರಿ ಅವರ ಮನೆಯಿಂದ ಹೋಳಿಗೆ ಬಂತು. ಭಾಲ್ಕಿಗೆ ಮನೆ ನೋಡಲು ಯಾವಾಗ ಬರಲಿ ಎಂಬ ಕೇಳಿಕೆಯೂ ಬಂತು. ನಾವು ಹೋಳಿಗೆ ತಿಂದು, ಬೆಳಿಗ್ಗೆ ಮೊದಲ ಬಸ್ಸಿಗೆ ಪಕ್ಕದ ಹಳ್ಳಿಗಳಿಗೆ ಹೊರಟುಬಿಟ್ಟೆವು. ಉಳಿದ ದಿನಗಳನ್ನು ಅಲ್ಲಿಯೇ ಕಳೆದೆವು.

ವರದಿಯಲ್ಲಿ ಬರೆದೆ: ಒಂದೇ ದಿನ ಹನ್ನೊಂದು ಸೂಜಿ, ಜನರಲ್ಲಿ ಒಳ್ಳೆಯ ಉತ್ಸಾಹ ಕಂಡುಬಂದಿದೆ. ಉತ್ಸಾಹಕ್ಕೆ ಕಾರಣ ಎಂಬ ಅಂಕಣವನ್ನು ಖಾಲಿ ಬಿಟ್ಟೆ.

೪. ತಿಂಗಳು ಎಷ್ಟು

ನಾನು ತಿರುಗಿ ಬರುವಷ್ಟರಲ್ಲಿ ಬೀದರಿನಿಂದ ಎಲ್ಲ ದವಾಖಾನೆಗಳಿಗೂ ಒಂದು ಹುಕುಂ ಬಂದಿತ್ತು. ಐದು ತಿಂಗಳು ತುಂಬಿದ ಬಸುರಿಗೆ ಸೂಜಿ ಹಾಕಬಹುದು. ತುಂಬದಿದ್ದರೆ ಡಾಕ್ಟರರ ಸಹಿ ಬೇಕು. ನಮ್ಮ ಡಾಕ್ಟರರ ಕಣ್ಣಿಗೆ ಇದರಲ್ಲಿ ಮೊದಲು ಬಿದ್ದದ್ದು ಸಹಿಯ ಮಾತು. "ಸಹಿ ಬ್ಯಾಡ ಅನ್ನೂವಷ್ಟು ತಿಂಗಳು ಆಗ್ಯಾವೇನು ನೋಡ್ರಿ ಮೊದಲ," ಎಂದರು.

ಹಲಬರ್ಗಾದಿಂದ ಅತ್ತೆ ಬಂದಿದ್ದರು. ಅವರು ಅಮಾವಾಸ್ಯೆಗಳನ್ನು ಬೆರಳಿನ ಗೆಣ್ಣಿನ ಮೇಲೆ ಎಣಿಸಿ, "ಆರರಾಗ ಬಿದ್ದಾದ, ಅಳಿಯಾರ. ಸರಿಸಂಖ್ಯಾದ ತಿಂಗಳಾಗ ಮೈಗಿ ಏನೂ ಚುಚ್ಚಬಾರದು. ಏಳು ಹತ್ತಲಿ," ಎಂದರು.

ಓಣಿಯ ಹೆರಿಗೆಗಳನ್ನೆಲ್ಲ ಮಾಡಿಸುತ್ತಿದ್ದ ಸೂಲಗಿತ್ತಿ ಸಾಬರ ಮುದುಕಿ. ಅವಳದು ಚಂದ್ರ ಕಂಡ ಲೆಕ್ಕ. "ಐದು ಚಂದ್ರ ಪೂರಾ ಆಗ್ಯಾವ. ಇವತ್ತೇ ಹಾಕಸ್ರಿ. ಆರನೇ ಚಂದ್ರ ಕಂಡ್ರ ನಾ ಜವಾಬ್ದಾರಿಲ್ಲ."

ನನ್ನದು ನಿಜಾಮರ ಕಾಲದ ಫಸಲಿ ಕ್ಯಾಲೆಂಡರಿನ ಲೆಕ್ಕ. ಕಚೇರಿಯಲ್ಲಿ ಅದನ್ನೇ ಬರೆದು ಕೈ ಕೂತಿತ್ತು. ಅದರ ಪ್ರಕಾರ ನಾಲ್ಕು ತಿಂಗಳು ತುಂಬಿ ಐದನೆಯದು ನಡೆಯುತ್ತಿತ್ತು. ಡಾಕ್ಟರು ಇಂಗ್ಲಿಷ್ ಕ್ಯಾಲೆಂಡರ್ ಇಟ್ಟುಕೊಂಡು ಲೆಕ್ಕ ಮಾಡಿದರು; ಐದಕ್ಕೆ ನಾಲ್ಕು ದಿನ ಕಡಿಮೆ. ಅದನ್ನು ಬಾಯಿಂದ ಹೇಳಿದರೇ ಹೊರತು ಕಾಗದಕ್ಕೆ ಇಳಿಸಲಿಲ್ಲ.

ನಾಲ್ಕೂ ಲೆಕ್ಕ ಕೂಡುವ ದಿನ ಯಾವುದು ಎಂದು ಅತ್ತೆ, ಸೂಲಗಿತ್ತಿ, ನಾನು ಪಡಸಾಲೆಯಲ್ಲಿ ಕೂತು ನೋಡಿದೆವು. ಒಬ್ಬರಿಗೆ ಬೇಗ ಆದದ್ದು ಇನ್ನೊಬ್ಬರಿಗೆ ತಡ, ಮತ್ತೊಬ್ಬರಿಗೆ ನಿಷಿದ್ಧ. ಅಂಥ ದಿನವೇ ಇರಲಿಲ್ಲ. ಮಧ್ಯಾಹ್ನದಿಂದ ದೀಪ ಹಚ್ಚುವವರೆಗೆ ಎಣಿಸಿದೆವು.

ಹೆಂಡತಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದು ನಿಂತಿತು.

"ಹೊಟ್ಟಿ ನಂದಿದ್ರೂ ನನಗೊಬ್ಬಾಕಿಗಿ ಯಾರೂ ಕೇಳವಲ್ರಿ. ಇರ್ಲಿ. ಕೂಸು ಹುಟ್ಟಿ, ಸಾಲಿಗಿ ಹೋಗಿ, ಲೆಕ್ಕಾ ಕಲ್ತು, ತನ್ನ ತಿಂಗಳು ತಾನೇ ಹೇಳ್ತದ. ಅಲ್ಲೀತನ ಕೂಡ್ರಿ ಎಲ್ಲಾರೂ. ರೊಟ್ಟಿ ಮಾಡಿ ಹಾಕ್ತೇನಿ."

೫. ಖರೇ ಸೂಜಿ

ಮೂರನೆಯ ದಿನ ನಮ್ಮ ಓಣಿಯಲ್ಲೇ, ನಾಲ್ಕು ಮನೆ ಆಚೆ, ಒಬ್ಬರು ತೀರಿಕೊಂಡರು. ಅವರಿಗೂ ನಮಗೂ ಒಂದೇ ಬಾವಿ. ಆ ದಿನ ನಾನು ಒಂದು ಹಳ್ಳಿಯ ರಿಜಿಸ್ಟರು ನೋಡಲು ಹೋಗಿದ್ದೆ. ಸುದ್ದಿ ತಿಳಿದು, ಈ ರಾತ್ರಿ ಡಾಕ್ಟರರ ಕೈ ಹಿಡಿದಾದರೂ ಸಹಿ ಮಾಡಿಸುವುದೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು ಸಂಜೆ ಮನೆಗೆ ಬಂದೆ. ಹೆಂಡತಿ ಕಂಬಳಿ ಹೊದ್ದು ಮಲಗಿದ್ದಳು. ಮೈ ಸುಡುತ್ತಿತ್ತು.

"ಹೆದರಬ್ಯಾಡ್ರಿ. ಸೂಜಿ ಜ್ವರ," ಎಂದಳು. ಎಡತೋಳು ಬಾತಿತ್ತು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

ಜ್ವರ ಮರುದಿನ ಬಿಟ್ಟಿತು. ದೀಪಾವಳಿಯ ಸುಮಾರಿಗೆ ಮಗಳು ಸುಖವಾಗಿ ಹುಟ್ಟಿದಳು. ಇದನ್ನು ಈಗಲೇ ಹೇಳಿಬಿಡುತ್ತೇನೆ. ಆ ಸಂಜೆ ಇದು ನನಗೆ ಗೊತ್ತಿರಲಿಲ್ಲ, ನಿಮ್ಮನ್ನೂ ಅಷ್ಟು ಸತಾಯಿಸುವುದು ಬೇಡ.

"ಯಾರು ಹಾಕಿದ್ರು?"

"ನಿಮ್ಮ ಕಂಪೌಂಡರ."

ಇಲ್ಲಿ ಒಂದು ಮಾತು ಹೇಳಬೇಕು. ಸೂಜಿ ಹಾಕಿಸಿದ ಚೀಟಿ ಇಲ್ಲದೆ ಆ ವಾರ ಯಾರನ್ನೂ ರೈಲು ಹತ್ತಿಸುತ್ತಿರಲಿಲ್ಲ. ಕಂಪೌಂಡರ ದವಾಖಾನೆಯ ಕಟ್ಟೆಯ ಮೇಲೆ ಕೂತು, ಚುಚ್ಚದೆಯೇ ಚೀಟಿ ಬರೆದುಕೊಟ್ಟು ನಾಲ್ಕಾಣೆ ತೆಗೆದುಕೊಳ್ಳುತ್ತಿದ್ದ. ಸೂಜಿಗೆ ದುಡ್ಡಿಲ್ಲ, ಆದ್ದರಿಂದ ಅದನ್ನು ಯಾರೂ ಕೇಳುತ್ತಿರಲಿಲ್ಲ. ನನಗೆ ಇದು ಗೊತ್ತಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ.

"ಏನಂದ?"

"'ವೈನಿ, ನಿಮಗ ಚೀಟಿ ಎರಡಾಣೆ ಸಾಕು,' ಅಂದ. ಚೀಟಿ ಬ್ಯಾಡ, ಸೂಜಿ ಹಾಕು ಅಂದೆ. 'ಖರೇನೇ ಚುಚ್ಚೂದಾ?' ಅಂತ ಗಾಬರ್ಯಾದ. ಹಂಗ ಕೇಳ್ದಾಕಿ ನಾನೇ ಮೊದಲಂತ. ಭಾಳ ಹೊತ್ತು ಯೋಚನಿ ಮಾಡಿ, 'ಬಸುರಿಗಿ ಖರೇ ಸೂಜಿ ಅಂದ್ರ ಜೋಖಿಮ ಅದ, ಒಂದು ರೂಪಾಯಿ ಆಗ್ತದ' ಅಂದ. ಅದೂ ನಿಜಾಮನ ಹಾಲಿ ರೂಪಾಯಿ ಬ್ಯಾಡಂತ, ಹಿಂದೂಸ್ತಾನದ ಕಲ್ದಾರ ಬೇಕಂತ."

"ನೀ ಏನು ಮಾಡಿದಿ?"

"ಜಗಳ ತೆಗದೆ. 'ಖರೇ ಸೂಜಿಗಿ ಕಲ್ದಾರ ರೂಪಾಯಿ, ಸುಳ್ಳು ಚೀಟಿಗಿ ನಾಕಾಣೆ, ಏನ್ ದುಕಾನ ಇಟ್ಟೀಯೋ?' ಅಂತ ಸಂತ್ಯಾಗ ಒದರಿದಂಗ ಒದರಿದೆ. ಪಾಪ, ಅಂಜಿ ಲಗೂನ ಚುಚ್ಚಿಬಿಟ್ಟ. ಅಷ್ಟರಾಗ ನನ್ನ ಹಿಂದ ನಿಂತಾಕಿ ಪ್ಯಾಟಿ ಸೇಠಜಿ ಹೆಂಡತಿ, 'ಆಕಿಗಿ ರೂಪಾಯಿದು ಹಾಕಿ, ನನಗ ನಾಕಾಣೆದು ಕೊಡ್ತಿಯಾ? ನನ್ನ ಬಲ್ಲಿ ರೊಕ್ಕ ಇಲ್ಲೇನೋ?' ಅಂತ ತೋಳು ಮುಂದ ಮಾಡಿದಳು. ಆಕಿನ್ನ ನೋಡಿ ಮತ್ತೊಬ್ಬಾಕಿ. ಚೀಟಿ ಒಯ್ದವ್ರು ಸೈತ ತಿರುಗಿ ಬಂದ್ರು, ನಮಗ ಕಡಿಮಿ ರೊಕ್ಕದ್ದು ಕೊಟ್ಟು ಮೋಸ ಮಾಡೀದಿ ಅಂತ. ಬಿಟ್ಟಿ ಸೂಜಿ ಅಂದ್ರ ಹೊಲಕ್ಕ ಓಡಿ ಹೋಗ್ತಿದ್ದ ಮಂದಿ, ರೂಪಾಯಿ ಹಿಡ್ಕೊಂಡು ಒಬ್ಬರಿಗೊಬ್ಬರು ದಬ್ಬಾಡಿದ್ರು. ಮೂರು ತಾಸಿನ್ಯಾಗ ದವಾನೇ ತೀರಿಹೋಯ್ತು."

"ಡಾಕ್ಟರ್ ಸಾಹೇಬ್ರು?"

"ಬಾಗಲ್ದಾಗ ನಿಂತು ನೋಡ್ಕೋತ ಇದ್ರು. ಯಾರೂ ಸಹಿ ಕೇಳ್ಲಿಲ್ಲ ನೋಡ್ರಿ, ಭಾಳ ಖುಷಿ ಇದ್ರು."

ನಾನು ಅವಳ ಹಣೆ ಮುಟ್ಟಿ ನೋಡಿದೆ. ಮನೆಯಲ್ಲಿ ಕಲ್ದಾರ ರೂಪಾಯಿ ಇರಲಿಲ್ಲ; ಇದ್ದ ನಾಲ್ಕೂ ಹಾಲಿ.

"ಮತ್ತ ಕಡೀಕ ಏನು ಕೊಟ್ಟಿ ಅವನಿಗಿ?"

"ನಾ ಯಾಕ ಕೊಡ್ಲಿ?" ಕಂಬಳಿಯೊಳಗಿಂದ ಬಲಗೈ ತೆಗೆದು ಮುಷ್ಟಿ ಬಿಚ್ಚಿದಳು. "ಎಲ್ಲಾ ಮುಗಿದ ಮ್ಯಾಲ ಅವನೇ ನನಗ ಎಂಟಾಣೆ ಕೊಟ್ಟಾನ, ಕಲ್ದಾರ. ನಾಳಿ ಬೀದರಿಂದ ಹೊಸಾ ದವಾ ಬರ್ತದಂತ, ಸ್ಟೇಷನ್ ಕಡಿ ಕೂಡ್ತಾನಂತ. ಜ್ವರ ಇಳದ್ರ ಬಂದು ಇವತ್ತಿನಂಗೇ ಇನ್ನೊಂದು ಜಗಳ ತೆಗೀರಿ ವೈನಿ ಅಂತ."