ಹಿಂದಿನ ಸೀಟಿನಲ್ಲಿ ಮಾವನ ನಿದ್ದೆ

ನಮ್ಮ ಸೋದರಮಾವನಿಗೆ ಕಾರು ಓಡಿಸಲು ಬರುವುದಿಲ್ಲ. ಸ್ಟಿಯರಿಂಗ್ ಮುಂದೆ ಸುಮ್ಮನೆ ಕೂರಿಸಿದರೂ ಬೆವರುತ್ತಾನೆ. ಆದರೂ ನಮ್ಮ ಬಳಗದಲ್ಲಿ ಅವನು ಹಿಂದಿನ ಸೀಟಿನಲ್ಲಿ ಒಂದು ನಿದ್ದೆ ತೆಗೆಯದ ಹೊರತು ಯಾರೂ ಹಳೇ ಕಾರು ಕೊಂಡವರಿಲ್ಲ ಎಂದರೆ ನಂಬುತ್ತೀರಾ? ನಂಬದಿದ್ದರೆ ಬೇಸರವಿಲ್ಲ. ನಾನೂ ಮೊದಲು ನಂಬಿರಲಿಲ್ಲ.

ಅವನ ಪದ್ಧತಿ ಬಹಳ ಸರಳ. ಪರಶುರಾಂಪುರದಿಂದ ಬಸ್ಸಿನಲ್ಲಿ ಬಂದಿಳಿಯುತ್ತಾನೆ. ಮಾರುವವನು ಬಾನೆಟ್ ಎತ್ತಿದರೆ ಅತ್ತ ತಿರುಗಿಯೂ ನೋಡುವುದಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಹಿಂದಿನ ಸೀಟು ಹತ್ತಿ, ಟವೆಲ್ ಮುಖದ ಮೇಲೆ ಹಾಕಿಕೊಂಡು "ಹ್ಞೂಂ, ಹೊಡಿ" ಎನ್ನುತ್ತಾನೆ. ನಿದ್ದೆ ಬಂದರೆ ಗಾಡಿ ಪಾಸು, ಬಾರದಿದ್ದರೆ ಫೇಲು. ರಸ್ತೆ ಬದಿಯಲ್ಲಿ ಬಿಟ್ಟ ಚಪ್ಪಲಿ ವಾಪಸು ಬರುವಷ್ಟರಲ್ಲಿ ಮಾಯವಾಗಿ, ಬರಿಗಾಲಲ್ಲಿ ಊರಿಗೆ ಹೋದದ್ದೂ ಉಂಟು.

"ಇದೆಂಥ ಪರೀಕ್ಷೆ ಮಾವ?" ಎಂದು ಒಮ್ಮೆ ಕೇಳಿದ್ದೆ.

"ಕೊಟ್ಟಿಗೇಲಿ ಎತ್ತು ಮೆಲುಕು ಹಾಕ್ತಿದ್ರೆ ಆ ಸದ್ದಿಗೆ ನಿದ್ದೆ ಬರ್ತಿರಲಿಲ್ವೇನವ್ವ? ಸದ್ದು ನಿಂತ್ರೆ ನಮ್ಮಪ್ಪಂಗೆ ತಟ್ಟಂತ ಎಚ್ಚರ ಆಗೋದು, ಎತ್ತಿಗೆ ಏನೋ ಆಗೈತೆ ಅಂತ. ಗಾಡಿನೂ ಹಂಗೇ. ಒಳಗೆ ನೋವಿರೋ ಗಾಡಿ ಮಲಗಾಕೆ ಬಿಡಲ್ಲ."

ಅತ್ತೆಯ ಅಭಿಪ್ರಾಯ ಬೇರೆ. "ಇವರಿಗೆ ನಿದ್ದೆ ಬರಾಕೆ ಕಾರೇ ಬೇಕಾ? ಧಾರೆ ಮುಹೂರ್ತದಾಗೇ ತೂಕಡಿಸಿದೋರು" ಎನ್ನುತ್ತಾಳೆ.

ನಾನು ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಹೈಸ್ಕೂಲಿಗೆ ವರ್ಗವಾದ ವರ್ಷ ಈ ಮಾವನೇ ಗತಿಯಾದ. ಸಂಜೆಯ ಬಸ್ಸು ನನ್ನನ್ನು ಮನೆ ಮುಟ್ಟಿಸುವ ಹೊತ್ತಿಗೆ ನನ್ನ ಪುಟ್ಟ ಮಗಳು ಉಣ್ಣದೆ ಮಲಗಿಬಿಟ್ಟಿರುತ್ತಿದ್ದಳು. "ಅವ್ವ ಬಂದ್ಮೇಲೆ ಉಣ್ತೀನಿ" ಎಂಬುದು ಅವಳ ಹಠ. ಬೆಳಿಗ್ಗೆ ಅವಳು ಏಳುವ ಮೊದಲೇ ನಾನು ಹೊರಡಬೇಕು. ಹೀಗೇ ಆದರೆ ಮಗಳಿಗೆ ನನ್ನ ಮುಖವೇ ಮರೆತುಹೋದೀತೆಂದು ಬಸ್ಸಿನ ಕಿಟಕಿ ಕಡೆ ತಿರುಗಿ ಅತ್ತಿದ್ದೇನೆ. ಹೊಸ ಕಾರು ನಮ್ಮ ಕೈಗೆಟುಕುವ ಮಾತಲ್ಲ. ಹಳೆಯದೇ ಬೇಕು, ಆದರೆ ದಿನಾ ಅಷ್ಟು ದೂರ ಹೋಗಿಬರಬೇಕು. ದಾರಿಯಲ್ಲಿ ಸಿಗುವ ತಳಕು ಊರಿನ ಆಚೆ ಬಯಲಲ್ಲಿ ಕೆಟ್ಟು ನಿಂತರೆ ನಮ್ಮ ಗೋಳು ಕೇಳುವವರು ಕುರಿಗಳು ಮಾತ್ರ!

ಮೊದಲು ನೋಡಿದ್ದು ಚಳ್ಳಕೆರೆಯ ಮೆಕ್ಯಾನಿಕ್ ಸಾಬರ ಶೆಡ್ಡಿನಲ್ಲಿದ್ದ ಕೆಂಪು ಕಾರು. ಅದರ ಹೊಳಪಿಗೆ ನನ್ನ ಯಜಮಾನರು ಮರುಳಾಗಿದ್ದರು. ಮಾವ ಹತ್ತಿ ಮಲಗಿದ್ದೇ ತಡ, ಗೊರಕೆ ಶುರುವಾಯಿತು. ನಮಗೆಲ್ಲ ಖುಷಿಯೋ ಖುಷಿ.

"ಯಜಮಾನ್ರೇ, ಏಳ್ರಿ" ಎಂದು ಸಾಬರು ಮಾವನ ಭುಜ ಅಲುಗಿಸಿದರು. "ನಾನು ಇನ್ನೂ ಚಾವಿನೇ ಹಾಕಿಲ್ಲ. ಇದು ಗಾಡಿನಾ, ಮಂಚನಾ?"

ತಪ್ಪು ನಮ್ಮದೇ. ಪರೀಕ್ಷೆಗೆ ಮುಂಚೆ ಅವನಿಗೆ ಮುದ್ದೆ ಉಣ್ಣಿಸಿದ್ದೆವು. ಆಮೇಲೆ ಎಂಜಿನ್ ಚಾಲೂ ಮಾಡಿದಾಗ ಮಾವ ಎದ್ದು ಕೂತವನು ಮತ್ತೆ ಕಣ್ಣು ಮುಚ್ಚಲೇ ಇಲ್ಲ. "ಮುದ್ದೆ ಉಂಡೋನ್ನೂ ಎಬ್ಬಿಸ್ತಲ್ಲ, ಇದು ಬ್ಯಾಡ" ಎಂದು ತೀರ್ಪು ಕೊಟ್ಟ. ಅಂದಿನಿಂದ ಪರೀಕ್ಷೆ ಬರಿಹೊಟ್ಟೆಯಲ್ಲೇ ನಡೆಯಬೇಕೆಂಬ ನಿಯಮ ಬಂತು.

ಎರಡನೆಯದು ಮೊಳಕಾಲ್ಮೂರಿನ ಸೀರೆ ವ್ಯಾಪಾರಿಯೊಬ್ಬರ ಬಿಳಿ ಕಾರು. ರೇಷ್ಮೆ ಸೀರೆಗಳ ಗಂಟು ಹೊತ್ತು ಸಂಭಾವಿತವಾಗಿ ಬದುಕಿದ ಗಾಡಿ. ಮನೆಯಲ್ಲಿ ತೆಲುಗು ಮಾತಾಡುವ ಆ ಮನುಷ್ಯ ಅಭಿಮಾನದಿಂದ "ಬಂಡಿ ಬಾಗುಂದಿ" ಎಂದರು. ಗಾಡಿ ಚೆನ್ನಾಗಿದೆ ಎಂದು ಅದರ ಅರ್ಥ. ಕುರಿ ವ್ಯಾಪಾರಕ್ಕೆಂದು ಗಡಿಯಾಚೆಯ ಸಂತೆಗಳನ್ನೆಲ್ಲ ಸುತ್ತಿದ ಮಾವನಿಗೆ ಅವರಿಗಿಂತ ಚೆನ್ನಾಗಿ ತೆಲುಗು ಬರುತ್ತದೆ. ಆದರೆ ಕೊಳ್ಳುವ ದಿನ ಮಾತ್ರ ಅವನಿಗೆ ಒಂದಕ್ಷರವೂ ಬರುವುದಿಲ್ಲ!

"ಕೇಳಿದ್ಯೇನವ್ವ? ಬಾಗೈತಂತೆ. ಅವರೇ ಒಪ್ಕೊಂಡ್ರು ನೋಡು" ಎಂದು ನನ್ನ ಕಡೆ ತಿರುಗಿದ.

"ಅಯ್ಯೋ, ಬಾಗಿಲ್ಲ ಸ್ವಾಮಿ, ಬಾಗುಂದಿ" ಎಂದು ಅವರು ಗಾಡಿಯ ಸುತ್ತ ಓಡಾಡಿ ಎಲ್ಲೂ ಬಾಗಿಲ್ಲವೆಂದು ತೋರಿಸಿದರು. ಮಾವ ಟವೆಲ್ ಎಳೆದುಕೊಂಡು ಮಲಗಿದ. ರಾಯದುರ್ಗದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದರೂ ಏಳಲಿಲ್ಲ. ಅವನ ನಿಜವಾದ ಗೊರಕೆಗೆ ಕೊನೆಯಲ್ಲೊಂದು ಸಣ್ಣ ಸಿಳ್ಳೆ ಇರುತ್ತದೆ. ಅವತ್ತು ಸಿಳ್ಳೆಯೂ ಬಂತು, ಕಾರೂ ನಮ್ಮದಾಯಿತು.

ಉಳಿದದ್ದು ಡ್ರೈವರಿನ ಪರೀಕ್ಷೆ, ಅಂದರೆ ನನ್ನದು. ಚಳ್ಳಕೆರೆಯ ಬೀದಿಗಳಲ್ಲಿ ಓಡಿಸಿದ್ದೆನೇ ಹೊರತು ಹೆದ್ದಾರಿಗೆ ನಾನು ಇಳಿದವಳಲ್ಲ. ಮೊದಲ ದಿನ ನಾನು ಚಾವಿ ಹಿಡಿದು ಗಾಡಿಯ ಸುತ್ತ ಸುಮ್ಮನೆ ಸುತ್ತುವುದನ್ನು ನೋಡಿದ, ನಮ್ಮಲ್ಲೇ ಉಳಿದಿದ್ದ ಮಾವ "ಮೊಳಕಾಲ್ಮೂರಾಗೆ ಕೆಲಸ ಐತೆ, ನಾನೂ ಬರ್ತೀನಿ" ಎಂದು ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಹತ್ತಿದ. ಮುಖದ ಮೇಲೆ ಟವೆಲ್ ಬಂತು. ಊರು ದಾಟುವ ಮೊದಲೇ ಗೊರಕೆ. ಅವನಿಗೇ ನಿದ್ದೆ ಬಂದಮೇಲೆ ಹೆದರಿಕೆ ಯಾಕೆ ಎಂದು ನನಗೂ ಧೈರ್ಯ ಬಂತು.

ಬಿ.ಜಿ.ಕೆರೆ ಹತ್ತಿರ ಕನ್ನಡಿಯಲ್ಲಿ ನೋಡಿದೆ. ಗೊರಕೆ ಜೋರಾಗಿಯೇ ಇತ್ತು, ಸಿಳ್ಳೆ ಮಾತ್ರ ಇರಲಿಲ್ಲ. ಎದುರಿಗೆ ಲಾರಿ ಬಂದಾಗಲೆಲ್ಲ ಮಲಗಿದ್ದವನ ಕೈ ಬಾಗಿಲ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿಯುತ್ತಿತ್ತು. ನಾನು ಕನ್ನಡಿಯಿಂದ ಕಣ್ಣು ತೆಗೆದು ವೇಗ ಸ್ವಲ್ಪ ಇಳಿಸಿದೆ.

ಶಾಲೆಯ ಗೇಟಿನಲ್ಲಿ ಇಳಿದು ಟವೆಲ್ಲಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡ.

"ಹೆಂಗಿತ್ತು ಮಾವ?"

"ಬಾಗುಂದಿ" ಎಂದ. ಹಿಂದೆಯೇ "ಬಾಗೈತೆ" ಎಂಬ ತಮಾಷೆ ಬರುತ್ತದೆಂದು ಕಾದೆ. ಅವನು ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಬಸ್ ಸ್ಟ್ಯಾಂಡಿನ ಕಡೆ ನಡೆದ. ಮೊಳಕಾಲ್ಮೂರಿನಲ್ಲಿ ಅವನಿಗೆ ಬೇರೆ ಕೆಲಸವೇ ಇರಲಿಲ್ಲ.

ಸಂಜೆ ಒಬ್ಬಳೇ ಬಂದೆ. ಬೆಳಕಿರುವಾಗಲೇ ಓಣಿಗೆ ತಿರುಗಿದೆ. ಮಗಳು ಎಚ್ಚರವಾಗಿಯೇ ಇದ್ದಳು, ಖಾಲಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಪಡಸಾಲೆಯಲ್ಲಿ ಮಾವ ಗೋಡೆಗೊರಗಿ ಮಲಗಿದ್ದ. ಈಗ ಸಿಳ್ಳೆ ಇತ್ತು.

"ಹೊರಗೆ ಒಳಗೆ ಓಡಾಡ್ತಾನೇ ಇದ್ದ ಕಣವ್ವ ತಾತ" ಎಂದಳು ಮಗಳು ಪಿಸುಮಾತಿನಲ್ಲಿ. "ನಿನ್ನ ಕಾರಿನ ಸದ್ದು ಕೇಳಿಸ್ತು ನೋಡು, ಅಲ್ಲೇ ಮಲಗಿಬಿಟ್ಟ."